ಆರು ಎಣಿಸುವಷ್ಟರಲ್ಲಿ

ಜುಲೈ 9, ಬುಧವಾರ

ಮೈಸೂರಿನ ಆಸ್ಪತ್ರೆಯಿಂದ ಮಳವಳ್ಳಿಯ ಮನೆಗೆ ಬಂದು ಇವತ್ತಿಗೆ ಐದು ದಿನ. ಹೊರಡುವಾಗ ನರ್ಸ್ ಒಂದು ನೋಟ್‌ಬುಕ್ ಇಡಲು ಹೇಳಿದ್ದರು. ದಿನಾ ಬೆಳಿಗ್ಗೆ ತೂಕ, ನಾಡಿ, ಕುಡಿದ ನೀರು, ನುಂಗಿದ ಮಾತ್ರೆ ಬರೆಯಬೇಕು. ಅಂಗಡಿಯಲ್ಲಿ ಎರಡು ನೋಟ್‌ಬುಕ್ ತೆಗೆದುಕೊಂಡೆ. ಮೊದಲನೆಯದರ ಮೇಲೆ ‘ರವಿಚಂದ್ರ ಸಿ., ವಯಸ್ಸು 45, ಬಸ್ ಚಾಲಕ, ಮಳವಳ್ಳಿ ಡಿಪೋ. ಹೃದಯದ ವಾಲ್ವ್ ಬದಲಾವಣೆ, ಜೂನ್ 24’ ಎಂದು ಬರೆದೆ. ಇದು ಎರಡನೆಯದು. ಅಂಗನವಾಡಿಯ ರಿಜಿಸ್ಟರುಗಳ ನಡುವೆ ಇಟ್ಟುಕೊಂಡರೆ ಯಾರೂ ತೆಗೆದು ನೋಡುವುದಿಲ್ಲ.

ಇವರಿಗೆ ಚಿಕ್ಕಂದಿನಲ್ಲಿ ಕೀಲು ಊದಿಕೊಂಡು ಜ್ವರ ಬಂದಿತ್ತಂತೆ. ಆ ಜ್ವರವೇ ಮೂವತ್ತೈದು ವರ್ಷ ಒಳಗೊಳಗೇ ವಾಲ್ವನ್ನು ಕೆಡಿಸಿದೆ ಎಂದರು ಡಾಕ್ಟರು. ಅವರ ಹತ್ತಿರ ಮಾತಾಡಿದ್ದೆಲ್ಲ ಚಿಕ್ಕಮಾದಣ್ಣ. ಇವರ ಬಸ್ಸಿನ ಕಂಡಕ್ಟರು, ಒಂಬತ್ತು ವರ್ಷದಿಂದ ಜೊತೆಯಲ್ಲೇ ಇದ್ದಾರೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನನಗೆ ಅಂಥ ಕಡೆ ಬಾಯಿ ಬರುವುದಿಲ್ಲ. ಕಾಗದಕ್ಕೆ ಸಹಿಯನ್ನೂ ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಹಾಕಿದೆ.

ಎಚ್ಚರವಾದ ಮೇಲೆ ಇವರು ಕೇಳಿದ ಮೊದಲ ಮಾತು, ಬಸ್ಸು ಯಾವಾಗ ಹತ್ತಬಹುದು ಅಂತ. ಮೂರು ತಿಂಗಳಾದ ಮೇಲೆ, ಪರೀಕ್ಷೆಗಳೆಲ್ಲ ಸರಿ ಬಂದರೆ, ಎಂದರು. ಮನೆಗೆ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 6ರ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಆ ದಿನ ಬಂದುಬಿಟ್ಟರೆ ಸಾಕು. ನಮ್ಮ ಮನೆ ಮತ್ತೆ ಮೊದಲಿನ ಹಾಗೆ ಆಗುತ್ತದೆ.

ಅತ್ತೆ ಹಲಗೂರಿನ ಹತ್ತಿರದ ಊರಿಂದ ಬಂದು ಇಲ್ಲೇ ಉಳಿದಿದ್ದಾರೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಅಳತೆಯಲ್ಲಿ ತಿನ್ನಬೇಕು ಎಂದಿದ್ದಾರೆ. ಅಳತೆ ಇಟ್ಟು ಬಸ್ಸಾರು ಮಾಡುವುದು ಹೇಗೆ ಅಂತ ಅತ್ತೆಗೆ ದೊಡ್ಡ ಚಿಂತೆ.

ಜುಲೈ 21, ಸೋಮವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಏನೋ ಆಯಿತು. ಏನು ಅಂತ ಬರೆಯಲಿ. ಮುದ್ದೆ ಮುರಿದು ಸಾರಿಗೆ ಅದ್ದಿದ ಕೈ ಅಲ್ಲೇ ನಿಂತಿತು. ಕಣ್ಣು ತೆರೆದೇ ಇತ್ತು. ನನ್ನ ಕಡೆಗೇ ತಿರುಗಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ಬಂತು. ‘ರೀ’ ಅಂದೆ. ಎರಡು ಸಲ ಅಂದೆ. ಆಮೇಲೆ ಮುಖಕ್ಕೆ ಒಮ್ಮೆಲೇ ರಕ್ತ ನುಗ್ಗಿತು, ತುತ್ತು ಬಾಯಿಗೆ ಹೋಯಿತು. ಯಾಕೆ ಹಾಗೆ ನೋಡುತ್ತಿದ್ದೀಯ ಅಂತ ನನ್ನನ್ನೇ ಕೇಳಿದರು.

ತೂಕಡಿಕೆ ಇರಬಹುದು. ಎದೆ ಸೀಳಿದ ನೋವಿಗೆ ಮಗ್ಗುಲಾಗಿ ಮಲಗುವ ಹಾಗಿಲ್ಲ, ಅಂಗಾತ ಮಲಗಿ ಇವರಿಗೆ ನಿದ್ದೆ ಬರುವುದಿಲ್ಲ. ನಾಡಿ ಹಿಡಿದು ನೋಡಿದೆ, 72. ನೋಟ್‌ಬುಕ್ಕಿನಲ್ಲಿ 72 ಎಂದು ಬರೆದೆ. ಅದು ಸುಳ್ಳೇನಲ್ಲ.

ಜುಲೈ 31, ಗುರುವಾರ

ಮೊನ್ನೆ ಮಂಗಳವಾರ ಮತ್ತೆ ಹಾಗೇ ಆಯಿತು. ಈ ಸಲ ನನ್ನ ಕೈ ಇವರ ಮಣಿಕಟ್ಟಿನ ಮೇಲೇ ಇತ್ತು, ಬೆಳಗಿನ ನಾಡಿ ಎಣಿಸುತ್ತಿದ್ದೆ. ಎಣಿಸುತ್ತಿದ್ದ ಹಾಗೇ ಬೆರಳ ಕೆಳಗೆ ಏನೂ ಇಲ್ಲದಾಯಿತು. ಬೆರಳು ಜಾರಿತೇನೋ ಎಂದು ಒತ್ತಿ ಹಿಡಿದೆ. ಇಲ್ಲ. ಆಮೇಲೆ ಒಂದು ಬಡಿತ. ತುಂಬಾ ಹೊತ್ತಿಗೆ ಇನ್ನೊಂದು. ಆ ನಿಮಿಷಕ್ಕೆ 36 ಆಯಿತು. ಮುಂದಿನ ನಿಮಿಷಕ್ಕೆ 74.

ಇವತ್ತು ಮೈಸೂರಿಗೆ ಹೋದೆವು, ಚಿಕ್ಕಮಾದಣ್ಣನೂ ರಜೆ ಹಾಕಿ ಬಂದರು. ಇಸಿಜಿ ಸರಿಯಿದೆ. ಎದೆಯ ಸ್ಕ್ಯಾನೂ ಸರಿಯಿದೆ, ಹೊಸ ವಾಲ್ವ್ ಚೆನ್ನಾಗಿ ತೆರೆದು ಮುಚ್ಚುತ್ತಿದೆ. ತಲೆ ಸುತ್ತಿತೇ, ಕಣ್ಣು ಕತ್ತಲಿಟ್ಟಿತೇ ಎಂದು ಡಾಕ್ಟರು ಇವರನ್ನು ಕೇಳಿದರು. ಹಾಗೇನೂ ಆಗಿಲ್ಲ, ಮನೆಯವಳಿಗೆ ಸ್ವಲ್ಪ ಹೆದರಿಕೆ ಎಂದರು ಇವರು. ಚಿಕ್ಕಮಾದಣ್ಣ ನಕ್ಕರು. ಡಾಕ್ಟರೂ ನಕ್ಕರು. ನಾನು 36ರ ಮಾತು ಎತ್ತಬೇಕು ಅಂತಿದ್ದೆ. ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು.

ವಾಪಸು ಬರುವಾಗ ಬನ್ನೂರು ದಾಟಿದ್ದೆವು. ಇವರು ಮೆಲ್ಲಗೆ ಹೇಳಿದರು.

“ಅಂಗನವಾಡಿ ಮಕ್ಳ ತೂಕ ಬರ್ದಂಗೆ ನನ್ನ ನಾಡಿ ಬರ್ಕಂಡು ಕೂತ್ಕಬ್ಯಾಡ. ನೀನು ಇಡ್ಕಂಡ್ರೇನೇ ನಂಗೆ ಭಯ ಆಯ್ತದೆ.”

ಆಗಸ್ಟ್ 4, ಸೋಮವಾರ

ಇವತ್ತು ಇಲ್ಲ.

ಆಗಸ್ಟ್ 13, ಬುಧವಾರ

ಮದ್ದೂರಿನಲ್ಲಿ ಹೃದಯದ ಡಾಕ್ಟರೊಬ್ಬರು ಹೊಸದಾಗಿ ಕ್ಲಿನಿಕ್ ತೆರೆದಿದ್ದಾರೆ ಎಂದು ನಮ್ಮ ಅಂಗನವಾಡಿ ಸಹಾಯಕಿ ಸೋಮಮ್ಮ ಹೇಳಿದಳು. ಡಾಕ್ಟರ್ ಪ್ರಿಯಂವದಾ ಅಂತ. ಕವಿತ ಹಟ ಮಾಡಿ ಅಪ್ಪನನ್ನು ಒಪ್ಪಿಸಿದಳು. ಮಗಳು ದ್ವಿತೀಯ ಪಿಯುಸಿ, ಅವಳ ಮಾತಿಗೆ ಇವರು ಇಲ್ಲ ಅನ್ನುವುದಿಲ್ಲ.

ಆ ಡಾಕ್ಟರು ಇವರ ಎದೆಗೆ ತಂತಿಗಳನ್ನು ಅಂಟಿಸಿ, ಸೊಂಟಕ್ಕೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿ ಕಳಿಸಿದರು. ಇಪ್ಪತ್ನಾಲ್ಕು ಗಂಟೆಯ ಪ್ರತಿ ಬಡಿತವೂ ಅದರಲ್ಲಿ ದಾಖಲಾಗುತ್ತದೆ. ನಿನ್ನೆ ಇಡೀ ದಿನ ನಾನು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದೆ. ಈಗ ಬರಲಿ, ಈಗ ಬರಲಿ ಅಂತ ಕಾಯುತ್ತಿದ್ದೆ. ಗಂಡನಿಗೆ ಕೆಟ್ಟದ್ದಾಗಲಿ ಅಂತ ಕಾಯುವ ಹೆಂಗಸು ನಾನೊಬ್ಬಳೇ ಇರಬೇಕು.

ಬರಲಿಲ್ಲ. ಇವತ್ತು ಪೆಟ್ಟಿಗೆ ಬಿಚ್ಚಿ ನೋಡಿದರು. ಒಂದು ಲಕ್ಷ ಚಿಲ್ಲರೆ ಬಡಿತ, ಎಲ್ಲ ಸರಿ. ಡಾಕ್ಟರು ನನ್ನ ಮುಖ ನೋಡಿ, ಪೆಟ್ಟಿಗೆ ಕಟ್ಟಿದ ದಿನವೇ ಅದು ಬರಬೇಕೆಂದೇನೂ ಇಲ್ಲ, ಮತ್ತೆ ಆದರೆ ಬನ್ನಿ ಎಂದರು. ಆಗಲಿ ಎಂದೆ.

ಆಗಸ್ಟ್ 20, ಬುಧವಾರ

ನಾಡಿ ಹಿಡಿಯುವುದನ್ನು ಬಿಟ್ಟಿದ್ದೇನೆ. ಇವರೇ ಎಣಿಸಿ ಹೇಳುತ್ತಾರೆ, ನಾನು ಬರೆಯುತ್ತೇನೆ. 72, 74, 72. ಇವರು ಗೆಲುವಾಗಿದ್ದಾರೆ. ಬೆಳಿಗ್ಗೆ ಡಿಪೋ ಗೇಟಿನವರೆಗೆ ನಡೆದು ಬರುತ್ತಾರೆ. ಅಷ್ಟೊಂದು ಯಂತ್ರಗಳು ಸರಿ ಅಂದ ಮೇಲೆ ನನ್ನ ಎರಡು ಬೆರಳೇನು ದೊಡ್ಡದು. ಕವಿತಳ ಹುಟ್ಟುಹಬ್ಬಕ್ಕೆ ಒಬ್ಬಟ್ಟು ಮಾಡಿದೆವು.

ಆಗಸ್ಟ್ 28, ಗುರುವಾರ

ಅಂಗನವಾಡಿಗೆ ಹೊರಡುವ ಹೊತ್ತು. ಬಚ್ಚಲಿನಲ್ಲಿ ಏನೋ ಬಿದ್ದ ಸದ್ದಾಯಿತು. ನಲ್ಲಿ ಸುರಿಯುತ್ತಲೇ ಇತ್ತು. ಕದ ತಳ್ಳಿದೆ, ಅಗಳಿ ಹಾಕಿರಲಿಲ್ಲ. ಇವರು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಭುಜ ಬಚ್ಚಲ ಕಟ್ಟೆಗೆ ಬಡಿದು ಆಗಲೇ ನೀಲಿಯಾಗುತ್ತಿತ್ತು. ರಕ್ತ ತೆಳುವಾಗುವ ಮಾತ್ರೆಯಿಂದ ಹಾಗಾಗುತ್ತದೆ. ತಲೆಗೆ ಪೆಟ್ಟಾಗಿರಲಿಲ್ಲ. ಸೋಪಿಗೆ ಕಾಲು ಜಾರಿತು ಎಂದರು. ಸೋಪು ಗೂಡಿನಲ್ಲಿ ಒಣಗಿಕೊಂಡೇ ಇತ್ತು.

ಅದನ್ನು ಕೈಗೆ ತೆಗೆದುಕೊಂಡು ಇವರ ಮುಂದೆ ಹಿಡಿದೆ. ಆಗ ಹೇಳಿದರು. ಇದು ಹನ್ನೊಂದನೆಯ ಸಲವಂತೆ. ನಾನು ನೋಡಿದ್ದು ಎರಡು. ಮುನ್ಸೂಚನೆ ಏನೂ ಇಲ್ಲ, ಎದೆ ಹಿಂಡುವುದಿಲ್ಲ, ತಲೆ ಸುತ್ತುವುದಿಲ್ಲ.

“ಕರೆಂಟು ಓದಂಗೆ ಕಣೆ. ಓಯ್ತದೆ, ಬತ್ತದೆ. ಓಗಿತ್ತು ಅನ್ನೋದು ಬಂದ್ಮೇಲೇ ಗೊತ್ತಾಗದು.”

ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಇದೊಂದು ಮಾತು ಕಾಗದದ ಮೇಲೆ ಬಂದರೆ ಮತ್ತೆ ಬಸ್ಸು ಇಲ್ಲ. ನನ್ನ ಕೈ ಹಿಡಿದು ಕವಿತಳ ಮೇಲೆ ಆಣೆ ಹಾಕಿಸಿಕೊಂಡರು, ಯಾರಿಗೂ ಹೇಳಕೂಡದು ಅಂತ. ಹಾಕಿದೆ. ಇವರ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಇವರನ್ನು ಮೊದಲು ಅಲ್ಲಿಂದ ಎಬ್ಬಿಸಬೇಕಿತ್ತು. ಆಗ ಏನು ಕೇಳಿದ್ದರೂ ಒಪ್ಪುತ್ತಿದ್ದೆ.

ಸೆಪ್ಟೆಂಬರ್ 3, ಬುಧವಾರ

ಇಲ್ಲ.

ಸೆಪ್ಟೆಂಬರ್ 8, ಸೋಮವಾರ

ಹೌದು. ಕನ್ನಡಿ ಮುಂದೆ ಗಡ್ಡ ಹೆರೆಯುವಾಗ. ಐದು ಎಣಿಸಿದೆ.

ಸೆಪ್ಟೆಂಬರ್ 14, ಭಾನುವಾರ

ಚಿಕ್ಕಮಾದಣ್ಣ ಬಂದಿದ್ದರು. ಇವರಿಗೆ ಬಸ್ಸಿನ ಸುದ್ದಿ ಹೇಳುತ್ತಾ ಒಂದೂವರೆ ಗಂಟೆ ಕೂತರು. ಬದಲಿಗೆ ಬಂದಿರುವ ಡ್ರೈವರು ಮುತ್ತತ್ತಿಗೆ ಹೋಗುವ ಕಾಡುದಾರಿಯ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟಿರುತ್ತಾನಂತೆ. ರವಿ ಯಾವಾಗ ಬರುತ್ತಾನೆ ಎಂದು ಹಲಗೂರಿನ ಹೂವಿನವರು, ಸ್ಕೂಲಿನ ಮೇಡಂಗಳು ಎಲ್ಲ ಕೇಳುತ್ತಾರಂತೆ. ಇವರ ಮುಖ ಅರಳಿತ್ತು. ಟೀ ಕೊಡುತ್ತಾ, ಶನಿವಾರ ಮುತ್ತತ್ತಿ ಬಸ್ಸಿನಲ್ಲಿ ಎಷ್ಟು ಜನ ಇರುತ್ತಾರೆ ಎಂದು ಕೇಳಿದೆ.

“ಎಪ್ಪತ್ತು ದಾಟ್ತದೆ ಕಣಮ್ಮ. ನಿಂತ್ಕಳಕ್ಕೂ ಜಾಗ ಇರಕ್ಕಿಲ್ಲ.”

ಇವರು ಟೀ ಕುಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಒಳಗೆ ಬಂದೆ.

ಸೆಪ್ಟೆಂಬರ್ 22, ಸೋಮವಾರ

ಮೂರು ತಿಂಗಳ ಪರೀಕ್ಷೆಗೆ ಮೈಸೂರಿಗೆ ಹೋಗಿದ್ದೆವು, ನಾವಿಬ್ಬರೇ. ಇಸಿಜಿ, ಸ್ಕ್ಯಾನು, ರಕ್ತ, ನಡೆಸುವ ಯಂತ್ರದ ಮೇಲೆ ಹತ್ತು ನಿಮಿಷ ನಡಿಗೆ. ಎಲ್ಲ ಸರಿ. ಡಾಕ್ಟರು ಕೆಲಸಕ್ಕೆ ಹೋಗಬಹುದೆಂದು ಬರೆಯಲು ಪೆನ್ನು ತೆಗೆದವರು ನಿಲ್ಲಿಸಿ, ನನ್ನ ಕಡೆ ತಿರುಗಿದರು.

“ಹೋದ ಸಲ ನೀವು ಹೆದರಿದ್ದಿರಿ. ಆಮೇಲೆ ಏನಾದರೂ ಗಮನಿಸಿದಿರಾ?”

ಗೋಡೆಯ ಮೇಲಿನ ಫ್ಯಾನು ತಿರುಗುತ್ತಿತ್ತು. ಇವರು ತಮ್ಮ ಚಪ್ಪಲಿ ನೋಡುತ್ತಿದ್ದರು. ಇಲ್ಲ ಎಂದೆ. ನನ್ನ ಧ್ವನಿ ನನಗೇ ಚೆನ್ನಾಗಿ ಕೇಳಿಸಿತು. ಡಾಕ್ಟರು ಸಹಿ ಹಾಕಿದರು.

ಬಸ್‌ಸ್ಟ್ಯಾಂಡಿನಲ್ಲಿ ಇವರು ಎರಡು ಮೊಳ ಮಲ್ಲಿಗೆ ಕೊಂಡು ಕೊಟ್ಟರು. ತಲೆನೋವು ಎಂದು ಹೇಳಿ ಮುಡಿಯಲಿಲ್ಲ. ಮನೆಗೆ ತಂದು ಬುದ್ಧನ ಪಟಕ್ಕೆ ಹಾಕಿದೆ.

ಸೆಪ್ಟೆಂಬರ್ 27, ಶನಿವಾರ

ಮಗನ ಆಪರೇಷನ್ ಸರಿಹೋದರೆ ಬಂದು ಪೂಜೆ ಮಾಡಿಸುತ್ತೇನೆ ಎಂದು ಅತ್ತೆ ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತಿದ್ದರು. ಇವರು ಬುದ್ಧನಿಗೆ ದೀಪ ಹಚ್ಚುವವರು, ಅತ್ತೆಯ ಹರಕೆಗೆ ಬರುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. ಅತ್ತೆಯ ಜೊತೆ ನಾನು ಹೋದೆ. ಇವರದೇ ಬಸ್ಸು. ಚಿಕ್ಕಮಾದಣ್ಣ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದರು.

ಹಲಗೂರಿನಲ್ಲೇ ಬಸ್ಸು ತುಂಬಿತು. ಎಲೆ ಅಡಿಕೆ ಹಾಕಿಕೊಂಡ ಮುದುಕಿಯರು, ಮುಡಿ ಕೊಡಲು ಹೊರಟ ಕೂಸುಗಳು, ಅಡುಗೆ ಪಾತ್ರೆಗಳ ಚೀಲ. ನಮ್ಮ ಅಂಗನವಾಡಿಗೆ ಬರುವ ಒಂದು ಮಗುವೂ ತಾಯಿಯ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ‘ಮಿಸ್ಸು’ ಅಂತ ಆ ತಾಯಿ ನಕ್ಕಳು. ಕಾಡು ಶುರುವಾಗಿ, ರಸ್ತೆ ಇಳಿಯತೊಡಗಿತು. ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ.

ಒಂದು ಮರವನ್ನು ಗುರುತು ಹಿಡಿದು ಎಣಿಸಲು ಶುರುಮಾಡಿದೆ. ಒಂದು, ಎರಡು. ಡ್ರೈವರು ಸ್ಟೇರಿಂಗನ್ನು ಎಡಕ್ಕೆ ಎಳೆದ. ಮೂರು. ಎದುರಿಗೆ ಕಾರು ಬಂತು, ಬದಿಗೆ ಸರಿಸಿದ. ನಾಲ್ಕು. ಮತ್ತೆ ಬಲಕ್ಕೆ ಪೂರ್ತಿ ತಿರುಗಿಸಿದ. ಐದು, ಆರು. ಬಸ್ಸು ತಿರುವು ದಾಟಿತ್ತು. ಆರು ಎಣಿಸುವಷ್ಟರಲ್ಲಿ ಆ ಹುಡುಗನ ಕೈ ಮೂರು ಸಲ ಆಡಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಎಣಿಸಿದೆ. ಅದರ ಮುಂದಿನದರಲ್ಲೂ. ಹೊಳೆ ಕಾಣಿಸುವವರೆಗೆ ಎಣಿಸಿದೆ.

ಪೂಜೆಯಾದ ಮೇಲೆ ಕಾವೇರಿಯ ದಂಡೆಯ ಕಲ್ಲಿನ ಮೇಲೆ ಕೂತೆವು. ಅತ್ತೆ ತೆಂಗಿನಕಾಯಿ ಹೋಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಕೇಳಿದರು.

“ಅವ್ನು ಇದ್ದಕ್ಕಿದ್ದಂಗೆ ನಿಂತೋಯ್ತಾನಲ್ಲ, ನೀನೂ ನೋಡಿದ್ದೀಯ ಕಣವ್ವ?”

ಹೌದೆಂದು ತಲೆ ಆಡಿಸಿದೆ.

“ನಂಗೂ ಆಣೆ ಆಕ್ಸವ್ನೆ,” ಎಂದರು ಅತ್ತೆ.

ಇಬ್ಬರೂ ಹೊಳೆ ನೋಡುತ್ತಾ ಕೂತೆವು. ಎರಡು ತಿಂಗಳು ಒಂದೇ ಒಲೆಯ ಮುಂದೆ ಕೂತು ಅಡುಗೆ ಮಾಡಿದ್ದೇವೆ, ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು.

ಸೆಪ್ಟೆಂಬರ್ 30, ಮಂಗಳವಾರ

ಇವತ್ತು ಇವರಿಗೇ ಹೇಳಿದೆ. ನೀವೇ ಹೋಗಿ ಹೇಳಿ, ನಾನು ಜೊತೆಗೆ ಬರುತ್ತೇನೆ ಎಂದೆ. ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಮೊದಲು ಸಮಾಧಾನವಾಗಿಯೇ ಉತ್ತರ ಕೊಟ್ಟರು.

“ಸ್ಟೇರಿಂಗ್ ಇಡ್ಕಂಡಾಗ ಮೈಯೆಲ್ಲ ಎಚ್ಚರ ಇರ್ತದೆ. ಆವಾಗ ಬರಕ್ಕಿಲ್ಲ ಅದು. ಸುಮ್ನೆ ಕೂತಿದ್ದಾಗ ಬತ್ತದೆ, ಅಷ್ಟೇಯ.”

“ಗಡ್ಡ ಹೆರೆಯೋವಾಗ ಸುಮ್ನೆ ಕೂತಿದ್ರಾ?” ಎಂದೆ.

ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು. ಆಮೇಲೆ ಅವರು ಹೇಳಿದ್ದನ್ನೆಲ್ಲ ಬರೆಯುವುದಿಲ್ಲ. ಡಿಪೋದಲ್ಲಿ ಟೈರು ಲೆಕ್ಕ ಹಾಕಿಕೊಂಡು ಕೂರಲೇ ಎಂದರು. ನನ್ನನ್ನು ಮನೆಯಲ್ಲಿ ಕೂರಿಸಬೇಕು ಅಂತಲೇ ನಿನಗಿದೆ ಎಂದರು. ಕೊನೆಗೆ ಕಿಟಕಿ ಕಡೆ ತಿರುಗಿ ನಿಂತು ಅಂದದ್ದು ಮಾತ್ರ ನನ್ನ ಕಿವಿಯಲ್ಲಿ ಉಳಿದಿದೆ.

“ನಮ್ಮಪ್ಪ ಚೌಡಯ್ಯ ಊರ ದೊಡ್ಡೋರ ಬೀದೀಲಿ ಚಪ್ಲಿ ಕೈಯಾಗ್ ಇಡ್ಕಂಡು ನಡ್ದೋನು. ಜಗ್ಲಿ ಮೇಲೆ ಕೂತ್ಕ ಅಂತ ಒಬ್ರೂ ಅಂದೋರಲ್ಲ. ಅದೇ ಮನೆಯೋರು ಈಗ ನನ್ನ ಹಿಂದೆ ಕೂತು ನಿದ್ದೆ ಮಾಡ್ತಾರೆ ಕಣೆ. ನನ್ನ ನಂಬ್ಕಂಡು ನಿದ್ದೆ ಮಾಡ್ತಾರೆ.”

“ಅದಕ್ಕೇ ರೀ,” ಅಂದೆ.

ಅಕ್ಟೋಬರ್ 4, ಶನಿವಾರ

ಬೆಳಿಗ್ಗೆ ಅತ್ತೆಗೆ ಮಾತ್ರ ಹೇಳಿ ಮದ್ದೂರಿನ ಬಸ್ಸು ಹತ್ತಿದೆ. ಡಾಕ್ಟರ್ ಪ್ರಿಯಂವದಾ ಅವರಿಗೆ ನಾನು ನೋಡಿದ್ದು, ಇವರು ಒಪ್ಪಿಕೊಂಡದ್ದು ಎಲ್ಲವನ್ನೂ ತಾರೀಕಿನ ಸಮೇತ ಹೇಳಿದೆ. ಬಚ್ಚಲಲ್ಲಿ ಬಿದ್ದದ್ದು, 36, ಎಲ್ಲ. ಅವರು ನಡುವೆ ಬಾಯಿ ಹಾಕಲಿಲ್ಲ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಬಡಿ ಎನ್ನುವ ಸೂಚನೆ ಆಗಾಗ ತಲುಪದೇ ಇರಬಹುದು, ಆದರೆ ಅದು ಆಗುವಾಗಲೇ ಯಂತ್ರದಲ್ಲಿ ಹಿಡಿಯಬೇಕು ಎಂದರು. ಕೂಡಲೇ ಆಸ್ಪತ್ರೆಗೆ ಸೇರಿಸಿ, ಬಿಡದೆ ನಿಗಾ ಇಡಬೇಕು ಎಂದು ಚೀಟಿ ಬರೆದುಕೊಟ್ಟರು. ಸೋಮವಾರ ಇವರಿಗೆ ಡ್ಯೂಟಿ ಇದೆ ಎಂದಾಗ ಪೆನ್ನು ಕೆಳಗಿಟ್ಟರು.

“ಅವರು ಬಸ್ ಹತ್ತಬಾರದು. ಇದನ್ನು ಡಿಪೋಗೆ ಯಾರು ಹೇಳುತ್ತಾರೆ?”

ನಾನು ಎಂದೆ.

ಅಲ್ಲೇ ಬೆಂಚಿನ ಮೇಲೆ ಕೂತು ಪತ್ರ ಬರೆದೆ. ಒಂದು ಪುಟ ಆಯಿತು. ಕೆಳಗೆ ‘ಮೋಹಿನಿ, ರವಿಚಂದ್ರ ಅವರ ಹೆಂಡತಿ’ ಎಂದು ಸಹಿ ಹಾಕಿದೆ. ಮಳವಳ್ಳಿಗೆ ಬಂದು ನೇರವಾಗಿ ಡಿಪೋಗೆ ಹೋದೆ. ಮ್ಯಾನೇಜರ್ ಎರಡು ಸಲ ಓದಿ, ನಾನು ಬಂದಿರುವುದು ಯಜಮಾನರಿಗೆ ಗೊತ್ತೇ ಎಂದು ಕೇಳಿದರು. ಇಲ್ಲ, ಈಗ ಹೋಗಿ ಹೇಳುತ್ತೇನೆ ಎಂದೆ.

ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಎದ್ದು ಹೋಗಿ ಇಸ್ತ್ರಿಯಾದ ಖಾಕಿ ಅಂಗಿಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟರು. ಆಗಿನಿಂದ ನನ್ನ ಜೊತೆ ಮಾತಿಲ್ಲ.

ಅಕ್ಟೋಬರ್ 6, ಸೋಮವಾರ

ಕೆಂಪು ಗೆರೆಯ ದಿನ. ಚಿಕ್ಕಮಾದಣ್ಣ ಫೋನು ಮಾಡಿ, ಗಂಡನ ಅನ್ನಕ್ಕೆ ಕಲ್ಲು ಹಾಕುವ ಹೆಂಗಸನ್ನು ನಾನು ನೋಡಿರಲಿಲ್ಲ ಎಂದರು. ಇವರ ಚಿಕ್ಕಮ್ಮ ಮುದ್ದಮ್ಮನೂ ಊರಿಂದ ಮಾಡಿದರು, ಅದೇ ಮಾತು. ಅತ್ತೆ ಫೋನು ಕಿತ್ತುಕೊಂಡು ನಿಲ್ಲಿಸಿದರು.

ಅಕ್ಟೋಬರ್ 10, ಶುಕ್ರವಾರ

ಡಿಪೋದವರು ಹೇಳಿದಂತೆ ಬುಧವಾರ ಇವರನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಮಂಚದ ತಲೆಯ ಹತ್ತಿರ ಪರದೆ, ಅದರ ಮೇಲೆ ಹಸಿರು ಗೆರೆ ಓಡುತ್ತಿದೆ. ಎರಡು ದಿನ ಪೂರ್ತಿ ಓಡಿದೆ, ಎಲ್ಲೂ ತಪ್ಪಿಲ್ಲ. ಇವರು ನನ್ನ ಜೊತೆ ಮಾತಾಡುವುದಿಲ್ಲ, ಆದರೆ ಡಾಕ್ಟರು ಬಂದು ನಾರ್ಮಲ್ ಅಂದಾಗಲೆಲ್ಲ ನನ್ನ ಕಡೆ ನೋಡುತ್ತಾರೆ.

ಇವತ್ತು ಸಂಜೆ ಮನೆಗೆ ಕಳಿಸುತ್ತೇವೆ ಎಂದರು. ಕಾಯುವವರು ತುಂಬಾ ಇದ್ದಾರಂತೆ, ಮಂಚ ಬೇಕಂತೆ. ಡ್ಯೂಟಿ ಡಾಕ್ಟರು ಕಾಗದ ತಂದು, ಸಹಿ ಮಾಡಿ ಅಮ್ಮಾ ಎಂದರು. ಕಾಗದವನ್ನು ಪೂರ್ತಿ ಓದಿದೆ. ‘ಯಾವುದೇ ತೊಂದರೆ ಕಂಡುಬಂದಿಲ್ಲ’ ಎಂದಿತ್ತು. ಇದಕ್ಕೆ ನಾನು ಸಹಿ ಮಾಡುವುದಿಲ್ಲ ಎಂದೆ. ಹನ್ನೆರಡು ಸಲ ಆಗಿದೆ, ನಿಮ್ಮ ಮುಂದೆ ಆಗಿಲ್ಲ, ಅಷ್ಟೇ. ಇವರು ಮನೆಗೆ ಹೋದರೆ ನಾಡಿದ್ದು ಈ ಕಾಗದ ಹಿಡಿದು ಬಸ್ಸು ಹತ್ತುತ್ತಾರೆ. ಇನ್ನೆರಡು ದಿನ ಇಟ್ಟುಕೊಳ್ಳಿ, ಇಲ್ಲದಿದ್ದರೆ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಬರೆದುಕೊಡಿ ಎಂದೆ. ಅಕ್ಕಪಕ್ಕದ ಮಂಚದವರೆಲ್ಲ ನೋಡುತ್ತಿದ್ದರು. ಡಾಕ್ಟರು ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಸೋಮವಾರದವರೆಗೆ ಇರಲಿ ಎಂದರಂತೆ.

ಕಾಲು ನೋಯುತ್ತಿದೆ. ಬೆಳಗಿನಿಂದ ಕೂತೇ ಇಲ್ಲ ಅಂತ ಈಗ ನೆನಪಾಯಿತು.

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಹತ್ತೂ ನಲವತ್ತು. ಇವರು ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದರು. ಕೈ ನಿಂತಿತು. ಪರದೆ ನೋಡಿದೆ. ಗೆರೆ ನೆಟ್ಟಗಾಗಿತ್ತು. ಒಂದು, ಎರಡು, ಮೂರು. ಯಂತ್ರ ಕೂಗತೊಡಗಿತು. ನರ್ಸ್ ಓಡಿ ಬಂದರು. ಆರು, ಏಳು. ತಟ್ಟೆ ಕೆಳಗೆ ಬಿತ್ತು. ಇವರು ನನ್ನ ಕಡೆಗೆ ಒರಗಿದರು, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇಡೀ ಭಾರ ನನ್ನ ಮೇಲೆ ಬಂತು. ಒಂಬತ್ತು. ಹತ್ತು. ಆಗ ಗೆರೆ ಒಮ್ಮೆ ಎದ್ದಿತು.

ಆಮೇಲೆ ಹಿಂದೆ ಸರಿಯಲು ಹೇಳಿದರು. ಮಂಚದ ಸುತ್ತ ಪರದೆ ಎಳೆದರು. ಎಷ್ಟು ಜನ ಒಳಗೆ ಹೋದರು ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ಮತ್ತೆ ಎರಡು ಸಲ ನಿಂತಿತಂತೆ. ಕತ್ತಿನ ನರದ ಮೂಲಕ ಒಂದು ತಂತಿ ಇಳಿಸಿ, ಹೊರಗಿನ ಯಂತ್ರದಿಂದ ಹೃದಯ ಬಡಿಯುವಂತೆ ಮಾಡುತ್ತಾ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಶ್ರೀರಂಗಪಟ್ಟಣ ದಾಟುವವರೆಗೆ ಇವರು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ತೆರೆದರು.

ಅಕ್ಟೋಬರ್ 14, ಮಂಗಳವಾರ

ನಿನ್ನೆ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಕೂರಿಸಿದರು. ಹೃದಯ ತಡೆದರೆ ಅದು ಬಡಿಸುತ್ತದೆ.

ಡಾಕ್ಟರನ್ನು ಅವರ ಕೋಣೆಯಲ್ಲಿ ಒಬ್ಬಳೇ ಕಂಡೆ. ಹೋದ ತಿಂಗಳು ನೀವು ಕೇಳಿದಾಗ ಇಲ್ಲ ಅಂದದ್ದು ಸುಳ್ಳು ಎಂದು ಹೇಳಿದೆ. ಅವರು, ಈಗಲಾದರೂ ಬಂದಿರಲ್ಲ ಎಂದರು. ಇದು ಯಾಕೆ ಆಯಿತು ಎಂದು ಕೇಳಿದೆ. ವಾಲ್ವ್ ಹೊಲಿದ ಜಾಗದ ಹತ್ತಿರವೇ ಆ ಸೂಚನೆ ಹಾಯುವ ದಾರಿ ಇದೆ, ಊದಿಕೊಂಡಿದ್ದರೆ ಮೊದಲ ವಾರಗಳಲ್ಲಿ ಹೀಗಾಗುವುದುಂಟು, ಇಷ್ಟು ತಡವಾಗಿ, ನಡುನಡುವೆ ಪೂರ್ತಿ ಸರಿಯಾಗಿದ್ದು, ಯಾಕೆ ಎಂದು ಗೊತ್ತಿಲ್ಲ ಎಂದರು. ಹಾಗಾದರೆ ಯಾರಿಗೆ ಗೊತ್ತಿರುತ್ತದೆ ಎಂದೆ. ಕೆಲವು ಸಲ ಯಾರಿಗೂ ಗೊತ್ತಿರುವುದಿಲ್ಲ ಎಂದರು. ನನಗೆ ಅದು ಸಾಲಲಿಲ್ಲ. ಆದರೆ ಅವರು ನಿಜ ಹೇಳುತ್ತಿದ್ದರು.

ಅಕ್ಟೋಬರ್ 26, ಭಾನುವಾರ

ಬಸ್ಸು ಓಡಿಸುವ ಕೆಲಸ ಇನ್ನಿಲ್ಲ ಎಂದು ಡಿಪೋದಿಂದ ಕಾಗದ ಬಂತು. ಹಲಗೂರು ನಿಲ್ದಾಣದಲ್ಲಿ ಬಸ್ಸುಗಳು ಬರುವ ಹೋಗುವ ವೇಳೆ ಬರೆಯುವ ಕೆಲಸ ಕೊಡುತ್ತಾರಂತೆ. ಇವರು ಓದಿ ಟಿವಿಯ ಮೇಲೆ ಇಟ್ಟರು. ಊಟ ಕೇಳಿದರೆ ಅತ್ತೆಗೆ ಉತ್ತರ, ಮಾತ್ರೆ ಕೇಳಿದರೆ ಕವಿತಳಿಗೆ.

ಮಧ್ಯಾಹ್ನ ಚಿಕ್ಕಮಾದಣ್ಣ ಬಂದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಅವರು ದನಿ ತಗ್ಗಿಸಲಿಲ್ಲ, ನನಗೆ ಕೇಳಲಿ ಅಂತಲೇ ಇರಬೇಕು. ಮನೆಯೊಳಗೇ ಮುಗಿಸಬಹುದಾಗಿತ್ತು, ಡಿಪೋವರೆಗೆ ಒಯ್ಯಬೇಕಿತ್ತಾ ಎಂದರು. ಅದಕ್ಕೆ ಇವರು ಅಂದರು.

“ಮಂಡ್ಯದಲ್ಲಿ ಅತ್ತು ಎಣ್ಸೋಗಂಟ ನಿಂತೋಗಿತ್ತು ಕಣ್ಲಾ ಮಾದು. ಇಳಿಜಾರ್ನಾಗೆ ಅತ್ತು ಎಣ್ಸು ನೋಡವ. ನೀನೂ ಬಸ್ಸೊಳ್ಗೇ ಇರ್ತಿದ್ದೆ.”

ಚಿಕ್ಕಮಾದಣ್ಣ ಮತ್ತೆ ಆ ಮಾತು ಎತ್ತಲಿಲ್ಲ. ಹೋಗುವಾಗ ಅಡುಗೆಮನೆಯ ಬಾಗಿಲಿಗೆ ಬಂದು, ಒಂದು ಲೋಟ ನೀರು ಕೊಡಕ್ಕ ಎಂದರು. ಕೊಟ್ಟೆ.

ನವೆಂಬರ್ 17, ಸೋಮವಾರ

ಇವರು ಹಲಗೂರಿಗೆ ಕೆಲಸಕ್ಕೆ ಹೋದರು. ನನಗೆ ಇವತ್ತು ತಾಲ್ಲೂಕು ಕಚೇರಿಯಲ್ಲಿ ಅಂಗನವಾಡಿಯವರ ಸಭೆ ಇತ್ತು. ನಮ್ಮ ಕಟ್ಟಡದ ಸೂರು ಸೋರುತ್ತಿರುವುದನ್ನು ಎದ್ದು ನಿಂತು ಹೇಳಿದೆ, ಮುಂದಿನ ವಾರ ಬಂದು ನೋಡುತ್ತಾರಂತೆ. ಬರದಿದ್ದರೆ ಮತ್ತೆ ಹೋಗುತ್ತೇನೆ.

ಸಂಜೆ ಇವರು ಆರೂವರೆಗೆ ಬಂದರು. ಜಗಲಿಯ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಾ, ಇವತ್ತು ನಲವತ್ತೆರಡು ಬಸ್ಸು ಬಂದವು ಎಂದರು. ಸುತ್ತ ಬೇರೆ ಯಾರೂ ಇರಲಿಲ್ಲ. ನನಗೇ ಹೇಳಿದ್ದು. ಆರು ವಾರದಲ್ಲಿ ಮೊದಲ ಮಾತು. ನಾನು ಹೊಸಿಲಿನ ಮೇಲೆ ಕೂತೆ.

ಮುತ್ತತ್ತಿ ಬಸ್ಸಿನ ಹೊಸ ಡ್ರೈವರು ಇವರ ಕೋಣೆಗೆ ಬಂದು ಇಳಿಜಾರಿನ ಬಗ್ಗೆ ಕೇಳಿದನಂತೆ. ಎರಡನೇ ಗೇರಿನಲ್ಲೇ ಇಳಿ, ಬ್ರೇಕನ್ನು ನಂಬಬೇಡ ಎಂದು ಹೇಳಿಕೊಟ್ಟರಂತೆ. ಹೇಳುತ್ತಾ ಹೇಳುತ್ತಾ ನಿಲ್ಲಿಸಿದರು. ನನ್ನ ಕಣ್ಣು ತಾನಾಗಿಯೇ ಇವರ ಮುಖಕ್ಕೆ ಹೋಯಿತು. ಮುಖದ ಬಣ್ಣ ಸರಿಯಾಗಿಯೇ ಇತ್ತು. ಏನೋ ಯೋಚನೆ ಮಾಡುತ್ತಿದ್ದರು, ಅಷ್ಟೇ.

“ಅವತ್ತು ಮೈಸೂರ್ನಲ್ಲಿ ಡಾಕ್ಟ್ರು ನಿನ್ನ ಕೇಳ್ದಾಗ ಇಲ್ಲ ಅಂದ್ಯಲ್ಲ,” ಎಂದರು. “ಹೇಳ್ಬುಡ್ತೀಯ ಅಂತ ಕಾಯ್ತಿದ್ದೆ ಕಣೆ ನಾನು.”

ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹೋದರು.

“ನಾನೂ ಕಾಯ್ತಿದ್ದೆ,” ಎಂದೆ. “ನೀವು ಹೇಳ್ತೀರ ಅಂತ.”

ಅವರು ತಲೆಯಾಡಿಸಿದರು. ಚಪ್ಪಲಿ ಎತ್ತಿ ಮೂಲೆಗಿಟ್ಟು, ಜಗಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಹೊಸಿಲಿಂದ ಎದ್ದು ಹೋಗಿ ಕೂತೆ. ಅತ್ತೆ ಒಳಗಿಂದ ಮುದ್ದೆ ಆಯಿತು ಎಂದು ಕರೆಯುವವರೆಗೆ ಅಲ್ಲೇ ಇದ್ದೆವು.